ಸಕ್ಕರೆ ಕಾಯಿಲೆ ಮತ್ತು ನಮ್ಮ ನಾಲಿಗೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಹಾಗೂ ಅನುಗ್ರಹವಿರಲಿ.

ಸತ್ಯವಿಶ್ವಾಸಿಗಳೇ,

ಒಮ್ಮೆ ಹಝ್ರತ್ ಆಯಿಶಾ(ರ) ಅವರು ಹಝ್ರತ್ ಸಫಿಯ್ಯಾ(ರ) ಅವರ ಎತ್ತರ ಕಡಿಮೆಯೆಂದು ಸೂಚಿಸುವ ಮಾತೊಂದನ್ನು ಆಡಿದರು. ಅದನ್ನು ಸಮುದ್ರಕ್ಕೆ ಬೆರೆಸಿದರೆ ಸಮುದ್ರದ ನೀರೇ ಕೆಟ್ಟೀತು ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಸಂಗ್ರಹಗಳಲ್ಲಿ ಈ ಘಟನೆ ಇದೆ. ಇನ್ನೊಬ್ಬರ ದೇಹದ ಕುರಿತ ಒಂದು ಮಾತಿಗೇ ಇಷ್ಟು ಭಾರವಿದ್ದರೆ, ಸಕ್ಕರೆ ಕಾಯಿಲೆ ಇರುವವರ ಬಗ್ಗೆ ನಾವು ದಿನಾ ಆಡುವ ಮಾತುಗಳ ಭಾರವೆಷ್ಟು?

ಮದುವೆ ಮನೆಯ ಊಟದ ಸಾಲನ್ನು ನೆನಪಿಸಿಕೊಳ್ಳಿ. ಒಬ್ಬರು ಸಿಹಿಯ ತಟ್ಟೆಗೆ ಕೈ ಚಾಚಿದರೆ ಸಾಕು, "ನಿಮಗೆ ಶುಗರ್ ಅಲ್ವಾ? ನಾಚಿಕೆ ಇಲ್ವಾ?" ಎಂದು ನಾಲ್ಕು ಜನರ ಮುಂದೆ ಕೇಳುತ್ತೇವೆ. "ತಿಂದು ತಿಂದು ಬರಿಸಿಕೊಂಡ" ಎನ್ನುತ್ತೇವೆ. ಹೆಸರು ಬಿಟ್ಟು "ಆ ಶುಗರ್ ಪೇಷೆಂಟ್" ಎಂದು ಕರೆಯುತ್ತೇವೆ. ಮಗುವಿಗೆ ಕಾಯಿಲೆ ಬಂದರೆ ತಾಯಿಯನ್ನೇ ದೂರುತ್ತೇವೆ. ಗೇಲಿ ಮಾಡುವುದನ್ನೂ ಕೆಟ್ಟ ಅಡ್ಡಹೆಸರಿಂದ ಕರೆಯುವುದನ್ನೂ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತ ನಿಷೇಧಿಸಿದೆ. ಹಿತ ಬಯಸಿ ಹೇಳಿದೆವು ಎಂಬ ನೆಪ ಇಲ್ಲಿ ನಡೆಯದು.

ಅಷ್ಟಕ್ಕೂ ಈ ದೂರುಗಳಲ್ಲಿ ಸತ್ಯವೆಷ್ಟು? ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಒಂದನೇ ವಿಧದ ಮಧುಮೇಹ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶ ಮಾಡುತ್ತದೆ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ; ತಾಯಿಯ ತಪ್ಪೂ ಇದರಲ್ಲಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾದ ಎರಡನೇ ವಿಧದಲ್ಲಿ ಆಹಾರ, ತೂಕ, ವ್ಯಾಯಾಮದ ಪಾತ್ರವಿದೆ, ನಿಜ. ಆದರೆ ವಂಶ ಮತ್ತು ವಯಸ್ಸಿನ ಪಾತ್ರವೂ ದೊಡ್ಡದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಈ ಸಫ್‌ನಲ್ಲಿ ನಮ್ಮ ಪಕ್ಕದಲ್ಲೇ ಅವರಿದ್ದಾರೆ.

ಸಹೋದರರೇ, ಮಾತಿನ ಪೆಟ್ಟು ಮನಸ್ಸಿಗಷ್ಟೇ ನಿಲ್ಲುವುದಿಲ್ಲ. ಜನರ ಬಾಯಿಗೆ ಹೆದರಿದವರು ಕಾಯಿಲೆಯನ್ನು ಬಚ್ಚಿಡುತ್ತಾರೆ. ನೆಂಟರ ಮುಂದೆ ಇನ್ಸುಲಿನ್ ತೆಗೆದುಕೊಳ್ಳಲು ಸಂಕೋಚಪಟ್ಟು ತಪ್ಪಿಸುತ್ತಾರೆ. ಒಂದನೇ ವಿಧದ ಮಧುಮೇಹದಲ್ಲಿ ಇನ್ಸುಲಿನ್ ತಪ್ಪಿದರೆ ಪ್ರಾಣಕ್ಕೇ ಅಪಾಯ.

ರಮಝಾನಿನಲ್ಲಿ ಇದು ಇನ್ನೂ ಗಂಭೀರ. ರೋಗಿಗೆ ಉಪವಾಸದಿಂದ ರಿಯಾಯಿತಿ ನೀಡಿದವನು ಅಲ್ಲಾಹನು. ಅಲ್ ಬಕರಾದ 184 ಮತ್ತು 185ನೇ ಸೂಕ್ತಗಳಲ್ಲಿ ಇದು ಸ್ಪಷ್ಟವಿದೆ. ಅವನು ಕೊಟ್ಟ ರಿಯಾಯಿತಿಯನ್ನು "ಏನು, ಉಪವಾಸ ಇಲ್ವಾ?" ಎಂಬ ಒಂದು ಪ್ರಶ್ನೆಯಿಂದ ಕಿತ್ತುಕೊಳ್ಳಲು ನಾವು ಯಾರು? ಆ ಪ್ರಶ್ನೆಗೆ ಅಂಜಿ, ವೈದ್ಯರು ಬೇಡವೆಂದರೂ ಉಪವಾಸ ಹಿಡಿಯುವವರಿದ್ದಾರೆ. ರಕ್ತದ ಸಕ್ಕರೆ 70ಕ್ಕಿಂತ ಇಳಿದರೂ, ಕೈ ನಡುಗಿ ಬೆವರಿದರೂ ಮಗ್ರಿಬ್‌ವರೆಗೆ ತಡೆಯುವವರಿದ್ದಾರೆ. ಆಗ ಉಪವಾಸ ಬಿಟ್ಟು ತಕ್ಷಣ ಸಿಹಿ ಸೇವಿಸಬೇಕು. ಉಪವಾಸ ಹಿಡಿಯಬಹುದೇ, ಔಷಧಿಯ ಹೊತ್ತು ಹೇಗೆ ಎಂಬುದನ್ನು ರಮಝಾನಿಗೆ ಒಂದೆರಡು ತಿಂಗಳು ಮುಂಚೆಯೇ ವೈದ್ಯರಲ್ಲಿ ಕೇಳಿರಿ. ಕಝಾ ಮತ್ತು ಫಿದ್ಯಾದ ವಿಚಾರವನ್ನು ಆಲಿಮರಲ್ಲಿ ಕೇಳಿರಿ.

ಇನ್ನು ಮದುವೆ ಸಂಬಂಧದ ಮಾತು. ಕಾಯಿಲೆಯನ್ನು ಮುಚ್ಚಿಟ್ಟು ನಿಕಾಹ್ ಮಾಡುವುದು ಸರಿಯಲ್ಲ. ಆದರೆ ನಿಜ ಹೇಳಿದ ಹೆಣ್ಣುಮಗಳ ಸುದ್ದಿಯನ್ನು ಊರೆಲ್ಲ ಹರಡುವ ನಾವು, ನಿಜ ಹೇಳುವ ಧೈರ್ಯವನ್ನು ಉಳಿಸಿದ್ದೇವೆಯೇ? ಒಬ್ಬರು ನಂಬಿ ಹೇಳಿದ ಮಾತು ನಮ್ಮಲ್ಲಿರುವ ಅಮಾನತ್ತು. ಚಿಕಿತ್ಸೆ ಪಡೆಯುತ್ತಾ ಸಂಸಾರ ಮಾಡಿ, ಮಕ್ಕಳನ್ನು ಬೆಳೆಸಿ, ದುಡಿದು ಬಾಳುತ್ತಿರುವವರು ಎಷ್ಟೋ ಜನರಿದ್ದಾರೆ.

ಹಾಗಾದರೆ ನಾವೇನು ಮಾಡಬೇಕು? ಕಾಯಿಲೆಯ ಹೆಸರಿಂದಲ್ಲ, ಅವರ ಹೆಸರಿಂದಲೇ ಕರೆಯಿರಿ. "ಯಾಕೆ ಜಾಸ್ತಿ ಆಯ್ತು?" ಎಂದು ವಿಚಾರಣೆ ಮಾಡುವ ಬದಲು "ಹೇಗಿದ್ದೀರಿ, ನನ್ನಿಂದ ಏನಾಗಬೇಕು?" ಎಂದು ಕೇಳಿರಿ. ಬುದ್ಧಿಮಾತು ಹೇಳಲೇಬೇಕಿದ್ದರೆ ಏಕಾಂತದಲ್ಲಿ, ಮೃದುವಾಗಿ ಹೇಳಿರಿ. ಔತಣದಲ್ಲಿ ಎಲ್ಲರೂ ತಿನ್ನಬಹುದಾದ ತರಕಾರಿ, ಸಲಾಡ್ ಇಡಿರಿ; ಅದನ್ನು "ಶುಗರ್‌ನವರದ್ದು" ಎಂದು ಬೇರೆ ಮಾಡಬೇಡಿ. ಮನೆಯ ಹಿರಿಯರು ಔಷಧಿ ತೆಗೆದುಕೊಳ್ಳುವಾಗ ಒಂದು ಲೋಟ ನೀರು ಕೊಡಿರಿ. ಅದೂ ಸದಕಾ.

ಕಾಯಿಲೆ ಇರುವ ಸಹೋದರ ಸಹೋದರಿಯರೇ, ನಿಮ್ಮ ರೋಗ ಪಾಪದ ಗುರುತಲ್ಲ. ಪ್ರವಾದಿ ಅಯ್ಯೂಬ್(ಅ) ಅಲ್ಲಾಹನ ಪ್ರಿಯ ದಾಸರಾಗಿದ್ದರು, ಅವರೂ ರೋಗದಿಂದ ಪರೀಕ್ಷಿಸಲ್ಪಟ್ಟರು. ನಾಚಿಕೆ ಬಿಟ್ಟು ಚಿಕಿತ್ಸೆ ಪಡೆಯಿರಿ.

ಅಲ್ಲಾಹನೇ, ನಮ್ಮಲ್ಲಿನ ರೋಗಿಗಳಿಗೆ ಶಿಫಾ ಕರುಣಿಸು. ನಮ್ಮ ನಾಲಿಗೆಯಿಂದ ನೊಂದವರ ಕ್ಷಮೆ ಕೇಳುವ ವಿನಯವನ್ನು ನಮಗೆ ನೀಡು. ಆಮೀನ್.