ನಕ್ಷೆಯಲ್ಲಿ ಬಿಳಿಯಾಗಿ ಉಳಿದ ಕಾವಲು

(ತ್ರಿಪ್ಪುಣಿತ್ತುರದಲ್ಲಿ ಸೇರಿದ್ದ ಕನ್ನಡ ಕಾರ್ಮಿಕರ ಮುಂದೆ ಆಡಿದ ಮಾತುಗಳು)



ನಾವು ಮಿಡ್ಲ್ ಸ್ಕೂಲು ದಾಟದವರು, ಹೋಟೆಲಿನಲ್ಲಿ ಲೋಟ ತೊಳೆದು ಬಂದವರು. ಆದರೂ ಇಂದು ನಕ್ಷೆಯ ಮಾತು ಎತ್ತಿದ್ದೇವೆ. ನಾವೀಗ ಕುಳಿತಿರುವ ಈ ಕೊಚ್ಚಿ ಸೀಮೆಯನ್ನು 1816ರಿಂದ 1820ರವರೆಗೆ ವಾರ್ಡ್ ಮತ್ತು ಕಾನರ್ ಎಂಬ ಕುಂಪಣಿಯ ಅಧಿಕಾರಿಗಳು ಅಳೆದರು. ಅದಕ್ಕೂ ಮೊದಲು, ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೆಕೆಂಜಿ ನಮ್ಮ ಮೈಸೂರು ಸೀಮೆಯ ಮೋಜಣಿಗೆ ಕೈ ಹಾಕಿದ್ದ.

ಆ ಸೀಮೆಯ ಚಿತ್ರದುರ್ಗದ ಕಡೆ ಚಳ್ಳಕೆರೆ ಇದೆ. ಮಳೆ ಬಲು ಕಡಿಮೆ. ಕಲ್ಲುಗುಡ್ಡ, ಕುರುಚಲು, ಹುಲ್ಲು. ಅರಸರು ದಂಡಿನ ಎತ್ತುಗಳಿಗಾಗಿ ಇಂಥ ಬಯಲುಗಳನ್ನು ಕಾವಲೆಂದು ಮೀಸಲಿಟ್ಟಿದ್ದರು. ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಕಾಲ ಕಳೆದಂತೆ ಊರಿನ ದನಕುರಿಗಳೂ ಅಲ್ಲೇ ಮೇದವು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಟ್ಟದ್ದು ಆ ಕುರಿಗಳೇ.

ಮೈಲಿಗೆ ಒಂದು ಅಂಗುಲದ ಹಳೆಯ ಸರ್ವೆ ನಕ್ಷೆಗಳನ್ನು ನೋಡಿರಿ. ಉತ್ತ ಹೊಲ ಹಳದಿ, ಕಾಡು ಹಸಿರು, ನೀರಿರುವ ಕೆರೆ ನೀಲಿ, ಒಣ ಹಳ್ಳ ಕಪ್ಪು. ಹುಲ್ಲುಬಯಲಿಗೆ ಮಾತ್ರ ಬಣ್ಣವಿಲ್ಲ, ಬರೀ ಬಿಳಿ. ಗುಡ್ಡದ ಎತ್ತರ ಬರೆದರು. ಅಲ್ಲಿ ಕುರಿ ಮೇಯಿಸುವವನು ಯಾರೆಂದು ಬರೆಯಲಿಲ್ಲ.

2008ರಿಂದ 2010ರ ಸುಮಾರಿಗೆ ಅಲ್ಲಿನ ಸುಮಾರು 10,000 ಎಕರೆ ಕಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ಕೊಡಲಾಯಿತು. ಗೋಡೆ ಎದ್ದ ಮೇಲೆ ಎಷ್ಟೋ ಹಳ್ಳಿಗರಿಗೆ ಸಂಗತಿ ತಿಳಿಯಿತು. ಅವರು ಹೋರಾಡಿದರು, ಹಸಿರು ನ್ಯಾಯಮಂಡಳಿಗೂ ಹೋದರು. 2014ರಲ್ಲಿ ಮಂಡಳಿ ಷರತ್ತು ಹಾಕಿ ಯೋಜನೆಗಳಿಗೆ ದಾರಿ ಬಿಟ್ಟಿತು. ವಿಜ್ಞಾನ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ತಲೆಮಾರುಗಳಿಂದ ಮೇಯಿಸಿದವರನ್ನು ಮೊದಲೇ ಕೇಳಬೇಕಿತ್ತೋ ಇಲ್ಲವೋ?

ಬಂಧುಗಳೇ, ಇದು ದೂರದ ಕಥೆಯಲ್ಲ. ನಾವು ನಾಲ್ಕು ವರ್ಷ ದುಡಿದ ಹೋಟೆಲೊಂದರ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರೇ ಇರಲಿಲ್ಲ. ಕೈ ಸುಟ್ಟುಕೊಂಡು ಮಲಗಿದಾಗ, "ನೀನು ಇಲ್ಲಿ ಕೆಲಸಕ್ಕಿದ್ದೆ ಅನ್ನುವುದಕ್ಕೆ ಏನು ಸಾಕ್ಷಿ?" ಎಂದರು. ನಾವೂ ಆ ನಕ್ಷೆಯ ಬಿಳಿಯಾಗಿದ್ದೆವು. ಗಿರಣಿಯ ಬದಲಿ ಕೆಲಸಗಾರನ ಪಾಡೂ ಇದೇ ಅಲ್ಲವೇ?

ಆದ್ದರಿಂದ ನಾಳೆ ಕೆಲಸಕ್ಕೆ ಹೋದಾಗ ಹಾಜರಿ ಪುಸ್ತಕ ನೋಡಿರಿ. ಹೆಸರಿಲ್ಲದಿದ್ದರೆ ಬರೆಯಿಸಿರಿ. ಸಂಬಳದ ಚೀಟಿ, ಭವಿಷ್ಯನಿಧಿಯ ಲೆಕ್ಕ ಕೇಳಿ ಪಡೆಯಿರಿ. ಒಬ್ಬನೇ ಕೇಳಲು ಅಂಜಿಕೆಯಾದರೆ ಹತ್ತು ಜನ ಕೂಡಿ ಕೇಳಿರಿ; ಸಂಘ ಇರುವುದೇ ಅದಕ್ಕೆ. ಗೋಡೆ ಎದ್ದ ಮೇಲೆ ಕೂಗುವುದಕ್ಕಿಂತ, ಗೆರೆ ಎಳೆಯುವಾಗಲೇ ಅಲ್ಲಿ ನಿಂತಿರುವುದು ಮೇಲು.