ಲಯ ಏರಿಸಿದ ಗಣಕ

ಗಣಕಯಂತ್ರದ ಪ್ರೊಸೆಸರನ್ನು ಅದರ ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಹವ್ಯಾಸವೊಂದಿದೆ. ಅದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೊಂದು ಮಾತು ಬೇಕೆಂದರೆ ನಿಘಂಟುಗಳಿಗಿಂತ ನಮ್ಮ ಸಂಗೀತಗಾರರನ್ನು ಕೇಳುವುದು ಮೇಲು. ಅವರು ‘ಲಯ ಏರಿಸುವುದು’ ಎನ್ನುತ್ತಾರೆ. ಹಾಡು ಅದೇ, ಮಾತ್ರೆಗಳ ಲೆಕ್ಕವೂ ಅದೇ; ಒಂದು ಮಾತ್ರೆಗೂ ಮತ್ತೊಂದಕ್ಕೂ ನಡುವಣ ಕಾಲ ಕಿರಿದಾಗುತ್ತದೆ. ಪ್ರೊಸೆಸರಿನೊಳಗೂ ಇಂಥದೊಂದು ತಾಳ ಸದಾ ಬೀಳುತ್ತಿರುತ್ತದೆ. 1971ರಲ್ಲಿ ಬಂದ ಇಂಟೆಲ್ 4004ರಲ್ಲಿ ಅದು ಸೆಕೆಂಡಿಗೆ ಏಳು ಲಕ್ಷ ನಲವತ್ತು ಸಾವಿರ ಸಲ ಬೀಳುತ್ತಿತ್ತು. ಇಂದು ಮನೆಯ ಮೇಜಿನ ಮೇಲಿರುವ ಯಂತ್ರದಲ್ಲಿ ನಾನೂರು ಕೋಟಿ ಸಲ ಬೀಳುತ್ತದೆ.

ಕೇಳುಗರೇ, ಮುಧೋಳ ತಾಲೂಕಿನ ರನ್ನ ಬೆಳಗಲಿಯಲ್ಲಿ ನನ್ನ ತಮ್ಮನ ಮೊಮ್ಮಗ ಕಳೆದ ಮಾಗಿಯಲ್ಲಿ ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದ. ನಾನು ಪಕ್ಕದಲ್ಲಿ ಕುಳಿತಿದ್ದುದಕ್ಕೆ ಕಾರಣವಿತ್ತು. ರನ್ನನ ಕಾವ್ಯಗಳನ್ನು ಕುರಿತು ನಾನು ನಲವತ್ತು ವರ್ಷ ಬರೆದಿಟ್ಟ ಟಿಪ್ಪಣಿಗಳ ಛಾಯಾಪ್ರತಿಗಳೆಲ್ಲ ಅದೇ ಯಂತ್ರದಲ್ಲಿದ್ದವು. ಅವನ್ನು ಕುಗ್ಗಿಸಿ ಕಟ್ಟುಗಳನ್ನಾಗಿ ಮಾಡಿ, ಜಾಗ ಉಳಿಸಲೆಂದು ಮೂಲವನ್ನು ಅಳಿಸಿಬಿಡುವುದು ಹುಡುಗನ ಯೋಜನೆ.

ಕ್ರಮ ಸರಳವಾದದ್ದು. ನೂರು ಮೆಗಾಹರ್ಟ್ಸಿನ ಮೂಲ ತಾಳವೊಂದಿರುತ್ತದೆ. ಅದನ್ನು ನಲವತ್ತರಿಂದ ಗುಣಿಸಿದರೆ ನಾಲ್ಕು ಗಿಗಾಹರ್ಟ್ಸ್. ಈ ಗುಣಕವನ್ನು ಬದಲಿಸಲು ಎಲ್ಲ ಪ್ರೊಸೆಸರುಗಳೂ ಬಿಡುವುದಿಲ್ಲ. ಬಿಡುವಂಥದ್ದಾದರೆ, ಯಂತ್ರ ಏಳುವ ಹೊತ್ತಿಗೆ ಬಯೋಸ್ ಎಂಬ ಪರದೆಯನ್ನು ತೆರೆದು ನಲವತ್ತಿದ್ದುದನ್ನು ನಲವತ್ತೊಂದು ಮಾಡಬೇಕು, ಪರೀಕ್ಷಿಸಬೇಕು, ಆಮೇಲೆ ಮುಂದಿನ ಮೆಟ್ಟಿಲು. ಏರಲು ಅವಕಾಶವಾದರೂ ಏಕಿದೆ? ಒಂದೇ ಎರಕದಲ್ಲಿ ಹುಟ್ಟಿದ ಚಿಪ್ಪುಗಳು ಒಂದೇ ಕಸುವಿನವಲ್ಲ. ಅವುಗಳಲ್ಲಿ ಬಡವಾದದ್ದೂ ಕೆಟ್ಟ ಸೆಕೆಯಲ್ಲಿ ನಡೆಯಲೆಂದು ತಯಾರಕರು ವೇಗವನ್ನು ಕೊಂಚ ಹಿಡಿದು ಹೇಳುತ್ತಾರೆ. 1998ರ ಸೆಲೆರಾನ್ 300ಎ ಎಂಬುದು ಈ ಹವ್ಯಾಸಿಗಳ ಪುರಾಣಪುರುಷ. ಮುನ್ನೂರು ಮೆಗಾಹರ್ಟ್ಸಿನದೆಂದು ಮಾರಿದ್ದು, ಮೂಲ ತಾಳವನ್ನು ಅರವತ್ತಾರರಿಂದ ನೂರಕ್ಕೆ ಏರಿಸಿದರೆ ನಾನೂರ ಐವತ್ತರಲ್ಲಿ ಸಲೀಸಾಗಿ ಓಡುತ್ತಿತ್ತು. ಈಗಿನ ಪ್ರೊಸೆಸರುಗಳು ಬಿಡುವಿದ್ದಾಗ ತಾವಾಗಿಯೇ ವೇಗ ಏರಿಸಿಕೊಳ್ಳುವುದರಿಂದ ನಮಗೆ ಉಳಿಯುವ ಎಡೆ ಅಲ್ಪ.

ಹುಡುಗ ನಲವತ್ಮೂರರವರೆಗೆ ತಡೆಯಿಲ್ಲದೆ ಏರಿದ. ನಲವತ್ನಾಲ್ಕಕ್ಕೆ ಯಂತ್ರ ಏಳಲಿಲ್ಲ. ಆಗ ವಿದ್ಯುತ್ತಿನ ಒತ್ತಡವನ್ನು 1.20 ವೋಲ್ಟಿನಿಂದ 1.32ಕ್ಕೆ ಹೆಚ್ಚಿಸಿದ, ಎದ್ದಿತು. ಅವನ ಹಿಗ್ಗನ್ನು ನೋಡಬೇಕಿತ್ತು. ಆದರೆ ಈ ಹಿಗ್ಗಿಗೊಂದು ತೆರಿಗೆಯಿದೆ. ಪ್ರೊಸೆಸರಿನ ಕಾವು ವೇಗದೊಂದಿಗೆ ಸಮನಾಗಿಯೂ, ವೋಲ್ಟಿನೊಂದಿಗೆ ಅದರ ವರ್ಗದಷ್ಟೂ ಏರುತ್ತದೆ. ಎರಡನ್ನೂ ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಕಾವು ನೂರಕ್ಕೆ ಮೂವತ್ಮೂರರಷ್ಟು ಹೆಚ್ಚುತ್ತದೆ. ಇಂಟೆಲಿನಂಥ ಸಂಸ್ಥೆಯೇ ನಾಲ್ಕು ಗಿಗಾಹರ್ಟ್ಸಿನ ಪೆಂಟಿಯಂ 4ನ್ನು ಹೊರತರುವ ಯೋಜನೆಯನ್ನು 2004ರಲ್ಲಿ ಕೈಬಿಟ್ಟಿತು. ಆ ದಾರಿಗೆ ಅಡ್ಡ ನಿಂತದ್ದು ಇದೇ ಕಾವು. 2022ರಲ್ಲಿ ಒಂಬತ್ತು ಗಿಗಾಹರ್ಟ್ಸ್ ಮೀರಿದ ಸಾಹಸಿಗಳು ಚಿಪ್ಪನ್ನು ದ್ರವ ಹೀಲಿಯಮ್ಮಿನಿಂದ ತಣಿಸಬೇಕಾಯಿತು. ಬೆಳಗಲಿಯಲ್ಲಿ ನಮಗಿದ್ದುದು ಒಂದು ಫ್ಯಾನು.

ಎರಡು ದಿನ ಎಲ್ಲವೂ ಸುಖವಾಗಿ ನಡೆಯಿತು. ಆಟ ಆಡಿದ, ಚಲನಚಿತ್ರ ನೋಡಿದ, ನನ್ನ ಟಿಪ್ಪಣಿಗಳನ್ನು ಹನ್ನೊಂದು ಕಟ್ಟು ಕಟ್ಟಿದ. ಮೂಲವನ್ನು ಅಳಿಸಲೇ ಎಂದು ಕೇಳಿದಾಗ, ಪರೀಕ್ಷೆ ಮುಗಿಯಲಿ ಎಂದೆ. ಪ್ರೈಮ್95 ಎಂಬ ಕಾರ್ಯಕ್ರಮ ಅದಕ್ಕೆಂದೇ ಬಳಕೆಯಲ್ಲಿದೆ. ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ರೂಪಿಸಿದ್ದು ಅದು. ಉತ್ತರ ಮೊದಲೇ ತಿಳಿದಿರುವ ಲೆಕ್ಕಗಳನ್ನು ಯಂತ್ರದಿಂದ ಮತ್ತೆ ಮತ್ತೆ ಮಾಡಿಸಿ ತಾಳೆ ನೋಡುತ್ತದೆ. ನಲವತ್ತನೆಯ ನಿಮಿಷಕ್ಕೆ ತಪ್ಪು ಸಿಕ್ಕಿತು.

“ಅಜ್ಜಾ, ಮಷೀನ್ ನಿಂತಿಲ್ಲ, ಸುಳ್ಳ ಹೇಳಾಕತ್ತೈತಿ” ಎಂದ.

ಹೇಗೆಂಬುದನ್ನು ಬನಹಟ್ಟಿಯ ಕಡೆಯ ಕೇಳುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದಲ್ಲಿ ಹಾಸಿನ ಎಳೆಗಳು ಬಾಯಿ ತೆರೆದಾಗ ಲಾಳಿ ದಾಟಬೇಕು. ಅದು ದಾಟುವ ಮೊದಲೇ ಬಾಯಿ ಮುಚ್ಚಿದರೆ ಲಾಳಿ ಸಿಕ್ಕಿಬೀಳುತ್ತದೆ, ಎಳೆ ಹರಿಯುತ್ತದೆ. ಪ್ರೊಸೆಸರಿನಲ್ಲಿ ಎರಡು ತಾಳಗಳ ನಡುವೆ ಇರುವುದು ಒಂದು ಸೆಕೆಂಡಿನ ನಾನೂರು ಕೋಟಿಯಲ್ಲೊಂದು ಪಾಲು. ಅಷ್ಟರಲ್ಲಿ ಬೆಳಕೇ ಏಳೂವರೆ ಸೆಂಟಿಮೀಟರು ಹೋಗುತ್ತದೆ. ಸಂಕೇತವು ತನ್ನ ದಾರಿ ಮುಗಿಸುವ ಮೊದಲೇ ಮುಂದಿನ ತಾಳ ಬಿದ್ದರೆ ಸೊನ್ನೆ ಇರಬೇಕಾದಲ್ಲಿ ಒಂದು ದಾಖಲಾಗುತ್ತದೆ. ಮಗ್ಗದಲ್ಲಿ ಹರಿದ ಎಳೆ ಕಣ್ಣಿಗೆ ಬೀಳುತ್ತದೆ. ಇಲ್ಲಿ ಬಟ್ಟೆ ಮಡಚಿ ಅಂಗಡಿ ಸೇರಿದ ಮೇಲೂ ಕಾಣದು.

ಗ್ರಂಥಸಂಪಾದನೆಯಲ್ಲಿ ಕೂದಲು ಹಣ್ಣಾದವನಿಗೆ ಈ ರೋಗ ಹೊಸದಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳೂ ಆಕೆಯೇ. ಆ ಸಾವಿರ ಪ್ರತಿಗಳ ಲಿಪಿಕಾರರ ಕಂಠಗಳು ಎಷ್ಟು ವೇಗವಾಗಿ ಓಡಿದವೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಓಲೆ ಮುರಿದಲ್ಲಿ ಜಾಗ ಬಿಟ್ಟು ಮುಂದೆ ಹೋದ ಲಿಪಿಕಾರ ಸಂಪಾದಕನ ಮಿತ್ರ. ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳ ನಡುವೆ ಕಣ್ಣು ಜಾರಿ, ನಡುವಣ ಪದ್ಯಭಾಗವನ್ನು ನುಂಗಿ, ಮುತ್ತಿನಂಥ ಅಕ್ಷರದಲ್ಲಿ ಮುಂದುವರಿದವನು ನಮ್ಮನ್ನು ಶತಮಾನಗಳ ಕಾಲ ದಾರಿ ತಪ್ಪಿಸಬಲ್ಲ.

ಹನ್ನೊಂದು ಕಟ್ಟುಗಳನ್ನೂ ಬಿಚ್ಚಿಸಿದೆ. ಹತ್ತು ತೆರೆದವು. ಏಳನೆಯದು, ಗದಾಯುದ್ಧದ ಪಾಠಾಂತರಗಳಿದ್ದದ್ದು, ಕೆಟ್ಟಿದೆಯೆಂಬ ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು. ಮೂಲ ಉಳಿದಿತ್ತು.

ಆಮೇಲೆ ಹುಡುಗ ವೋಲ್ಟನ್ನು ಮೊದಲಿನಷ್ಟಕ್ಕೇ ತಂದು, ಗುಣಕವನ್ನು ನಲವತ್ತೆರಡಕ್ಕೆ ಇಳಿಸಿ, ಒಂದು ಇಡೀ ರಾತ್ರಿ ಪರೀಕ್ಷೆ ಓಡಿಸಿದ. ತಪ್ಪು ಬರಲಿಲ್ಲ. ಆದರೆ ಮಾಗಿಯ ರಾತ್ರಿಯಲ್ಲಿ ತೇರ್ಗಡೆಯಾದದ್ದು ನಮ್ಮ ಕಡೆಯ ಬೇಸಗೆಯ ಮಧ್ಯಾಹ್ನ ತೇರ್ಗಡೆಯಾಗಬೇಕೆಂದಿಲ್ಲ. ಕೋಣೆಯ ಸೆಕೆ ಹದಿನೈದು ಡಿಗ್ರಿ ಏರಿದರೆ ಚಿಪ್ಪಿನ ಕಾವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಏಪ್ರಿಲಿನಲ್ಲಿ, ಬಿಸಿಲು ನಲವತ್ತು ಡಿಗ್ರಿ ಮುಟ್ಟಿದ ದಿನ, ಮಧ್ಯಾಹ್ನ ಮೂರಕ್ಕೆ ಮತ್ತೊಮ್ಮೆ ಪರೀಕ್ಷೆಗೆ ಕುಳಿತ. ಎರಡು ತಾಸಿನ ಮೇಲೆ ಒಂದು ತಪ್ಪು ಕಂಡಿತು. ಮಾತಾಡದೆ ನಲವತ್ತಕ್ಕೆ ಇಳಿಸಿ, ಏಳನೆಯ ಕಟ್ಟನ್ನು ಹೊಸದಾಗಿ ಕಟ್ಟಲು ತೊಡಗಿದ.