ಕರಾಟೆ ಉಳೀತು, ಎಣಿಕೆ ಉಳೀಲಿಲ್ಲ

ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಮಿಯಾಪುರ, ಕೂಕಟಪಲ್ಲಿಯಿಂದೆಲ್ಲ ಬಂದಿದ್ದೀರಿ, ಖುಷಿಯಾಯ್ತು. ನನ್ನದು ಹಗಲು ಟೆಸ್ಟಿಂಗ್ ಕೆಲಸ, ವಾರಕ್ಕೆ ಮೂರು ಸಂಜೆ ಕರಾಟೆ. ಕಲಿಯೋದು ಶಿತೋ-ರ್ಯು ಅನ್ನೋ ಶೈಲಿ. ಊರು ಬಿಟ್ಟು ಬಂದವರೊಬ್ಬರು ಕಟ್ಟಿದ ಶೈಲಿ ಅದು. ಅದಕ್ಕೇ ಅದರ ಕಥೆ ಇಲ್ಲಿ ಹೇಳೋಣ ಅನ್ನಿಸ್ತು.

ಕರಾಟೆ ಜಪಾನಿನದು ಅಂತೀವಿ. ಆದರೆ ಅದು ಬೆಳೆದದ್ದು ಒಕಿನಾವಾ ದ್ವೀಪದಲ್ಲಿ. ಅದು ರ್ಯುಕ್ಯು ಅನ್ನೋ ಬೇರೆ ರಾಜ್ಯ. ಅಲ್ಲಿ ಬೇರೆ ರಾಜ, ಬೇರೆ ಭಾಷೆ. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಆಮೇಲೆ ಶಾಲೆಯಲ್ಲಿ ಜಪಾನಿ ಭಾಷೆ. ಮನೆಮಾತು ಆಡಿ ಸಿಕ್ಕಿಬಿದ್ದ ಮಕ್ಕಳ ಕೊರಳಿಗೆ ಮರದ ಹಲಗೆ ನೇತುಹಾಕ್ತಿದ್ದರು.

ಆ ಕಾಲದಲ್ಲಿ ಅಲ್ಲಿ ಇಬ್ಬರು ದೊಡ್ಡ ಗುರುಗಳಿದ್ದರು. ಶುರಿ ಊರಿನ ಇತೊಸು ಅವರದು ನೇರ, ಚುರುಕಾದ ಏಟು. ಶಾಲೆ ಮಕ್ಕಳಿಗೆ ಅಂತಲೇ ಅವರು ಪಿನಾನ್ ಅನ್ನೋ ಐದು ಕಾತಾಗಳನ್ನ ಜೋಡಿಸಿದರು. ಕಾತಾ ಅಂದ್ರೆ ಎದುರಾಳಿ ಇಲ್ಲದೆ, ಕ್ರಮ ತಪ್ಪದೆ ಮಾಡೋ ಹೊಡೆತ–ತಡೆಗಳ ಸರಣಿ. ಪಕ್ಕದ ನಾಹಾದ ಹಿಗಾಒನ್ನಾ ಚೀನಾದ ಫೂಝೌಗೆ ಹೋಗಿ ಕಲಿತು ಬಂದವರು. ಅವರದು ಉಸಿರಿನ ಮೇಲೆ ನಿಂತ ವಿದ್ಯೆ. ಅವರ ಸಾಂಚಿನ್ ಕಾತಾದಲ್ಲಿ ಹೆಚ್ಚು ಓಡಾಟವೇ ಇಲ್ಲ. ಕಾಲೂರಿ, ಮೈ ಬಿಗಿದು, ಉಸಿರು ಹಿಡಿತದಲ್ಲಿಟ್ಟು ಮೂರು ನಿಮಿಷ ಮಾಡಿ ನೋಡಿ, ಬೆವರು ಇಳಿಯುತ್ತೆ.

ಇಬ್ಬರ ಹತ್ತಿರವೂ ಕಲಿತವರು ಮಬುನಿ ಕೆನ್ವಾ, 1889ರಲ್ಲಿ ಹುಟ್ಟಿದವರು. ಊರಲ್ಲಿ ಪೊಲೀಸ್ ಕೆಲಸದಲ್ಲಿದ್ದವರು 1929ರಲ್ಲಿ ಒಸಾಕಾಗೆ ವಲಸೆ ಹೋದರು. ಅಲ್ಲಿ ಕಲಿಸೋ ಶೈಲಿಗೆ ಒಂದು ಹೆಸರು ಬೇಕಾಯ್ತು. ಇತೊಸು ಹೆಸರಿನ ಮೊದಲ ಅಕ್ಷರವನ್ನ 'ಶಿ' ಅಂತಲೂ ಓದಬಹುದು, ಹಿಗಾಒನ್ನಾ ಹೆಸರಿನದನ್ನ 'ತೋ' ಅಂತಲೂ ಓದಬಹುದು. ಹೀಗೆ ಶಿತೋ-ರ್ಯು ಆಯ್ತು. ತನ್ನ ಹೆಸರಿಡಲಿಲ್ಲ, ಗುರುಗಳ ಹೆಸರಿಟ್ಟರು.

ಅವರಿಗಿಂತ ಮೊದಲೇ, 1922ರಲ್ಲಿ, ಫುನಕೋಶಿ ಅನ್ನೋ ಮೇಷ್ಟ್ರು ಟೋಕಿಯೋಗೆ ಹೋಗಿದ್ದರು. ಒಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲ್‌ನಲ್ಲಿದ್ದು, ಹಗಲು ಅಲ್ಲಿನ ಕೋಣೆ ಗುಡಿಸಿ, ಸಂಜೆ ಕರಾಟೆ ಕಲಿಸಿದರು. ಅಲ್ಲಿಯವರ ನಾಲಿಗೆಗೆ ಒಗ್ಗಲಿ ಅಂತ ಕಾತಾಗಳ ಹೆಸರು ಬದಲಾಯಿಸಿದರು; ಪಿನಾನ್ ಹೋಗಿ ಹೇಯಾನ್ ಆಯ್ತು. ಮಬುನಿ ಹಳೇ ಹೆಸರುಗಳನ್ನೇ ಇಟ್ಟುಕೊಂಡರು. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ಬಂದಿಲ್ಲ. ಪರಊರಲ್ಲಿ ಬದುಕು ಕಟ್ಟೋವಾಗ ಯಾವುದನ್ನ ಬಿಡಬೇಕು, ಯಾವುದನ್ನ ಹಿಡೀಬೇಕು ಅನ್ನೋದು ಅಷ್ಟು ಸುಲಭ ಅಲ್ಲ ಅಂತ ನಮಗೆ ಗೊತ್ತಲ್ವಾ?

ಈಗ ನಮ್ಮ ಹೈದರಾಬಾದ್‌ಗೆ ಬನ್ನಿ. ನಾನು ಹೋಗೋ ಕ್ಲಾಸಲ್ಲಿ ಮೊದಲು ಬಾಗಿ ನಮಸ್ಕಾರ, ಕಣ್ಣು ಮುಚ್ಚಿ ಒಂದು ನಿಮಿಷ ಮೌನ, ಆಮೇಲೆ ಸಾಲಾಗಿ ನಿಂತು ಹೊಡೆತಗಳು. ಸೆನ್ಸೈ ತಪ್ಪು ತಿದ್ದೋದು ತೆಲುಗು, ಹಿಂದಿಯಲ್ಲಿ. ಎಣಿಸೋದು ಮಾತ್ರ ಜಪಾನಿಯಲ್ಲಿ: ಇಚಿ, ನಿ, ಸಾನ್. ಆರು ವರ್ಷದ ಮಕ್ಕಳೂ ಹತ್ತರವರೆಗೆ ತಡವರಿಸದೆ ಎಣಿಸ್ತಾರೆ.

ಆದರೆ ಒಕಿನಾವಾದವರ ಸ್ವಂತ ಎಣಿಕೆ ಅದಲ್ಲ. ಅವರದು ತೀಚಿ, ತಾಚಿ, ಮೀಚಿ. ಅವರ ಕರಾಟೆ ಗಚ್ಚಿಬೌಲಿವರೆಗೂ ಬಂತು, ಒಲಿಂಪಿಕ್ಸ್‌ಗೂ ಹೋಯ್ತು. ಅವರ ಎಣಿಕೆ ಜೊತೆಗೆ ಬರಲಿಲ್ಲ. ಆ ಭಾಷೆ ಇವತ್ತು ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿದೆ.

ನಮ್ಮ ಮನೆಗಳಲ್ಲೂ ಬಿಸಿಬೇಳೆಬಾತ್ ಇದೆ, ಯುಗಾದಿಗೆ ಬೇವು-ಬೆಲ್ಲ ಇದೆ, ನವೆಂಬರಲ್ಲಿ ಕೆಂಪು-ಹಳದಿ ಶಾಲೂ ಇದೆ. ಅವು ಉಳೀತವೆ. ಆದರೆ ಮಗುವನ್ನ ಕೂರಿಸಿ 'ಮೂವತ್ತೊಂಬತ್ತು ಅಂದ್ರೆ ಎಷ್ಟು' ಅಂತ ಕೇಳಿ ನೋಡಿ. ಶೈಲಿ ಉಳಿದ ಮಾತ್ರಕ್ಕೆ ಮಾತು ಉಳಿಯಲ್ಲ.

ಪಾಠ ಮಾಡೋಕೆ ಹೋಗಬೇಡಿ, ಮಕ್ಕಳು ಓಡಿಹೋಗ್ತಾರೆ. ಜಪಾನಿ ಎಣಿಕೆ ಅವರಿಗೆ ಬಂದದ್ದು ಪುಸ್ತಕದಿಂದಲ್ಲ, ಪ್ರತಿ ಹೊಡೆತಕ್ಕೂ ಒಂದೊಂದು ಅಂಕಿ ಕೂಗಿ. ನೀವೂ ಹಾಗೇ ಮಾಡಿ. ಮೆಟ್ಟಿಲು ಹತ್ತುವಾಗ, ಸ್ಕಿಪ್ಪಿಂಗ್ ಆಡುವಾಗ, ಬಟ್ಟೆ ಮಡಚುವಾಗ ಜೋರಾಗಿ ಕನ್ನಡದಲ್ಲಿ ಎಣಿಸಿ. ಇವತ್ತೇ ಶುರು ಮಾಡೋಣ: ಕೆಳಗೆ ಟೀ ಇದೆ, ಲಿಫ್ಟ್ ಬೇಡ, ಮಕ್ಕಳೇ ಮುಂದೆ ನಡೀರಿ. ಒಂದು, ಎರಡು...